ಹವಳದ ತೊಟ್ಟಿಯಲ್ಲಿ ಕೆಂಪು ಚಪ್ಪಟೆ ಹುಳು

ಪ್ರಶ್ನೆ: ನಮ್ಮ ಮನೆಯ 200 ಲೀಟರಿನ ಸಮುದ್ರನೀರಿನ ಅಕ್ವೇರಿಯಂನಲ್ಲಿ ಒಂದೂವರೆ ವರ್ಷದಿಂದ ಹವಳ ಬೆಳೆಸುತ್ತಿದ್ದೇನೆ. ಕಳೆದ ದೀಪಾವಳಿಯ ಹೊತ್ತಿಗೆ ಹೊಸ ಹವಳದ ತುಂಡೊಂದನ್ನು ತಂದ ಮೇಲೆ, ಅಕ್ಕಿಕಾಳಿಗಿಂತ ಚಿಕ್ಕದಾದ ತುಕ್ಕುಬಣ್ಣದ ಹುಳುಗಳು ಕಲ್ಲು, ಗಾಜುಗಳನ್ನೆಲ್ಲ ಆವರಿಸಿವೆ. ಇಂಬಳಕ್ಕೆ ಉಪ್ಪು, ಸುಣ್ಣ ಹಾಕಿದಂತೆ ಇವಕ್ಕೂ ಮನೆಮದ್ದು ಇದೆಯೇ? ದನಗಳಿಗೆ ಕುಡಿಸುವ ಜಂತುನಾಶಕವನ್ನು ಬಳಸಬಹುದೇ?
– ಓದುಗರೊಬ್ಬರು, ವಿನೋಬನಗರ, ಶಿವಮೊಗ್ಗ

ಉತ್ತರ: ಉಪ್ಪುನೀರಿನಲ್ಲೇ ಹುಟ್ಟಿ ಬೆಳೆಯುವ ಜೀವಿಯನ್ನು ಉಪ್ಪು ಹೆದರಿಸಲಾರದು, ಸುಣ್ಣವಂತೂ ನೀರಿನ ಕ್ಷಾರಗುಣವನ್ನು ಏರುಪೇರು ಮಾಡಿ ಹುಳುವಿಗಿಂತ ಮೊದಲು ಹವಳವನ್ನೇ ಕೊಂದೀತು. ದನದ ಔಷಧಿಯ ಪ್ರಮಾಣವನ್ನು ದನದ ತೂಕಕ್ಕೆ ಲೆಕ್ಕ ಹಾಕಿರುತ್ತಾರೆಯೇ ಹೊರತು ನೀರಿನ ಲೀಟರಿಗಲ್ಲ. ಅವುಗಳಲ್ಲಿ ಒಂದಾದ ಫೆನ್‌ಬೆಂಡಜೋಲ್ ಕಲ್ಲಿನೊಳಗೆ ಉಳಿದುಕೊಂಡು ಬಸವನಹುಳುಗಳಿಗೂ ಕೆಲವು ಮೃದು ಹವಳಗಳಿಗೂ ಹಾನಿ ಮಾಡುವುದರಿಂದ ಆ ಯೋಚನೆಯನ್ನು ಕೈಬಿಡಿ.

ನಿಮ್ಮ ವರ್ಣನೆಯಂತೆ ಇದು ಕನ್ವೊಲ್ಯುಟ್ರಿಲೋಬಾ ಎಂಬ ಜಾತಿಯದಿರಬೇಕು. ಬಾಲದ ತುದಿ ಕವಲೊಡೆದಿದೆಯೇ ಎಂದು ಭೂತಗನ್ನಡಿಯಲ್ಲಿ ನೋಡಿ ಖಚಿತಪಡಿಸಿಕೊಳ್ಳಿ. ಇಂಬಳದಂತೆ ಇದು ರಕ್ತ ಹೀರುವುದಿಲ್ಲ, ಹವಳವನ್ನೂ ತಿನ್ನುವುದಿಲ್ಲ. ತನ್ನ ಮೈಯೊಳಗೆ ಪಾಚಿಯನ್ನು ಸಾಕಿಕೊಂಡು ಬೆಳಕಿನಿಂದಲೂ ಆಹಾರ ಪಡೆಯುವುದರಿಂದ, ಬೆಳಕು ಚೆನ್ನಾಗಿ ಬೀಳುವ, ನೀರಿನ ಸೆಳೆತ ಕಡಿಮೆಯಿರುವ ಕಡೆ ಗುಂಪುಗೂಡುತ್ತದೆ. ಹವಳದ ಮೇಲೆಯೇ ಹಾಸಿಕೊಂಡಾಗ ಅದಕ್ಕೆ ಸಿಗಬೇಕಾದ ಬೆಳಕು ತಪ್ಪುತ್ತದೆ. ಒಂದು ಹುಳುವಿನ ಮೈಯಿಂದಲೇ ಮರಿ ಒಡೆದು ಬೇರೆಯಾಗುವ ಕಾರಣ, ನಾಲ್ಕಾರು ಉಳಿದರೂ ಮತ್ತೆ ತೊಟ್ಟಿ ತುಂಬುತ್ತದೆ.

ಆದರೆ ನಿಜವಾದ ಅಪಾಯವಿರುವುದು ಹುಳು ಸಾಯುವಾಗ. ಸಾಯುವ ಹುಳುವಿನ ಮೈಯಿಂದ ವಿಷರಸ ಹೊರಬರುತ್ತದೆ. ಸಾವಿರಾರು ಹುಳುಗಳು ಒಮ್ಮೆಲೇ ಸತ್ತರೆ ಮೀನುಗಳೂ ಉಳಿಯಲಿಕ್ಕಿಲ್ಲ. ಆದ್ದರಿಂದ ಔಷಧಿಯ ಮಾತು ಆಮೇಲೆ. ಮೊದಲು ಒಂದು ವಾರ, ದೀಪ ಉರಿಯುತ್ತಿದ್ದು ಹುಳುಗಳು ಮೇಲೆ ಸೇರಿರುವ ಹೊತ್ತಿನಲ್ಲಿ, ಗಾಳಿಪಂಪಿನ ಸಣ್ಣ ಕೊಳವೆಯಿಂದ ಅವುಗಳನ್ನು ಹೀರಿ ತೆಗೆಯಿರಿ. ಕೊಳವೆಯ ಇನ್ನೊಂದು ತುದಿಗೆ ಒತ್ತು ನೇಯ್ಗೆಯ ಬಟ್ಟೆ ಕಟ್ಟಿದರೆ ಹುಳು ಅದರಲ್ಲಿ ಉಳಿದು, ಸೋಸಿದ ನೀರನ್ನು ಮರಳಿ ತೊಟ್ಟಿಗೆ ಸುರಿಯಬಹುದು. ಬೇಸರದ ಕೆಲಸ ನಿಜ, ಆದರೆ ಇದನ್ನು ಬಿಟ್ಟವರೇ ಹೆಚ್ಚಾಗಿ ಮೀನು ಕಳೆದುಕೊಳ್ಳುವುದು.

ಹುಳುಗಳು ತೀರಾ ವಿರಳವಾದ ಮೇಲೆ, ಚಪ್ಪಟೆ ಹುಳುಗಳಿಗೆಂದೇ ತಯಾರಾದ ಫ್ಲಾಟ್‌ವರ್ಮ್ ಎಕ್ಸಿಟ್‌ನಂಥ ಔಷಧಿಯನ್ನು, ಕಲ್ಲು ಮತ್ತು ಮರಳಿನ ಪಾಲನ್ನು ಕಳೆದು ಉಳಿದ ನೀರಿಗೆ ಲೆಕ್ಕ ಹಾಕಿ, ಸೀಸೆಯ ಮೇಲಿನ ಸೂಚನೆಯಂತೆ ಹಾಕಿರಿ. ಔಷಧಿಯನ್ನೇ ಹೀರಿಕೊಳ್ಳದಂತೆ ಫಿಲ್ಟರಿನ ಇದ್ದಿಲನ್ನು ಮುಂಚೆಯೇ ತೆಗೆದಿರಬೇಕು. ಅಂದು 60 ಲೀಟರಿನಷ್ಟು ಹೊಸ ಉಪ್ಪುನೀರು (ಲೀಟರಿಗೆ ಸುಮಾರು 35 ಗ್ರಾಂ ಸಮುದ್ರ ಉಪ್ಪಿನಂತೆ ಕದಡಿದ್ದು, ತೊಟ್ಟಿಯಷ್ಟೇ ಬಿಸಿಯದು) ಮತ್ತು ತೊಳೆದ ಹೊಸ ಸಕ್ರಿಯ ಇದ್ದಿಲು ಕೈಯಳತೆಯಲ್ಲಿರಲಿ. ಹುಳುಗಳು ಕಳಚಿ ತೇಲತೊಡಗಿದಂತೆ ಹೀರಿ ತೆಗೆದು, ಸೂಚಿಸಿದ ಸಮಯ ಮುಗಿದೊಡನೆ ಇದ್ದಿಲು ಇಟ್ಟು ನೀರು ಬದಲಾಯಿಸಿ. ಮೀನುಗಳು ಅದಕ್ಕೂ ಮೊದಲೇ ಏದುಸಿರು ಬಿಟ್ಟರೆ ಕಾಯದೆ ಅದನ್ನೇ ಮಾಡಿ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು ಹೇಳದೆ ಹೋಗುವುದರಿಂದ, ಬ್ಯಾಟರಿಯಿಂದ ನಡೆಯುವ ಗಾಳಿಪಂಪೊಂದು ಇಲ್ಲದೆ ಈ ಕೆಲಸಕ್ಕೆ ಇಳಿಯಬೇಡಿ.

ಸಿಕ್ಸ್‌ಲೈನ್ ರಾಸ್ ಮೀನು ಈ ಹುಳುಗಳನ್ನು ತಿನ್ನುವುದುಂಟು, ಎಲ್ಲ ಮೀನುಗಳೂ ತಿನ್ನುವುದಿಲ್ಲ. ಒಂದು ವಾರದ ನಂತರ ಮತ್ತೆ ಹುಳು ಕಂಡರೆ ಎರಡನೆಯ ಬಾರಿ ಔಷಧಿ ಹಾಕಬೇಕಾಗುತ್ತದೆ, ಹೊಸ ನೀರನ್ನೂ ಇದ್ದಿಲನ್ನೂ ಮೊದಲಿನಂತೆಯೇ ಸಿದ್ಧವಾಗಿಟ್ಟುಕೊಂಡು.