ಸಿಂಧನೂರಿನ ಎರೆ ಹೊಲಕ್ಕೆ ಥಾರ್: ಈಗಲೇ ತಗೊಳ್ಳೋದಾ, ಕಾಯೋದಾ?

ಅಣ್ಣಾ, ಸಿಂಧನೂರು ಕಡೆ ಕಾಲುವೆ ದಂಡೆ, ಎರೆ ಹೊಲದ ದಾರಿಗೆ ಮಹೀಂದ್ರಾದ ಡೀಸೆಲ್ ಥಾರ್ ಜೀಪು ಈಗಲೇ ತಗೊಳ್ಳಲಾ, ಹೊಸ ಡಿಸೈನ್ ಬರೋವರೆಗೆ ಕಾಯಲಾ ಅಂತ ಕೇಳಿದ್ದೀರಿ. ಕಾಯಬೇಡಿ. ಹೊಸ ಡಿಸೈನ್ ಅಂದ್ರೆ ಹೆಚ್ಚಾಗಿ ದೊಡ್ಡ ಸ್ಕ್ರೀನು, ಕ್ಯಾಮೆರಾ, ಜೊತೆಗೆ ಏರಿದ ರೇಟು. ಕೆಸರಲ್ಲಿ ಅವ್ಯಾವೂ ಗಾಡಿ ಎಳೆಯಲ್ಲ.

2025ರ ಸೆಪ್ಟೆಂಬರ್ 22ರಿಂದ 4 ಮೀಟರ್ ಒಳಗಿನ, 1500 ಸಿಸಿ ಮೀರದ ಡೀಸೆಲ್ ಗಾಡಿಗೆ ಜಿಎಸ್‌ಟಿ 18%. ಅದಕ್ಕೇ 1.5 ಲೀಟರ್ ಎಂಜಿನ್ನಿನ ಡೀಸೆಲ್ ಥಾರ್ ಅಗ್ಗವಾಗಿ ಕಾಣುತ್ತೆ. ಆದ್ರೆ ಅದರಲ್ಲಿ ಎಳೆತ ಹಿಂದಿನ ಚಕ್ರಕ್ಕಷ್ಟೇ. ಮಳೆ ಬಿದ್ದ ಎರೆಯಲ್ಲಿ ಅಲ್ಲೇ ತಿರುಗಿ ಹೂತುಕೊಳ್ಳುತ್ತೆ. ನಿಮಗೆ ಬೇಕಾದ್ದು ನಾಲ್ಕೂ ಚಕ್ರಕ್ಕೆ ಎಳೆತ ಇರೋ 2.2 ಲೀಟರಿನ ಫೋರ್ ಬೈ ಫೋರ್, ಅದಕ್ಕೆ ಜಿಎಸ್‌ಟಿ 40%. ರೋಡ್ ಟ್ಯಾಕ್ಸೂ ಸೇರಿಸಿಕೊಳ್ಳಿ: 10 ಲಕ್ಷ ದಾಟಿದರೆ 14% ಹೋಗಿ 17%, ಅದರ ಮೇಲೆ ಸೆಸ್. ಶೋರೂಮ್ ರೇಟು ನೋಡಿ ಸಾಲ ಮಾಡಬೇಡಿ, ತೆರಿಗೆ ಎಲ್ಲ ಸೇರಿದ ಆನ್‌ರೋಡ್ ಕೊಟೇಶನ್ ಬರೆಸಿಕೊಳ್ಳಿ.

ಹೊಸ ಡಿಸೈನಿಗೆ ಕಾಯದೆ ಉಳಿಸಿದ ದುಡ್ಡು ಕೆಸರಲ್ಲಿ ಹಿಡಿತ ಕೊಡೋ ಟೈರಿಗೆ ಹಾಕಿ. ಎರೆ ಮಣ್ಣು ರಸ್ತೆ ಟೈರಿನ ಸಂದುಗಳಲ್ಲಿ ಮೆತ್ತಿಕೊಂಡ್ರೆ ಟೈರು ನುಣ್ಣಗಾಗಿಬಿಡುತ್ತೆ. ಹೊಲಕ್ಕೆ ಇಳಿಯೋ ಮುಂಚೆಯೇ ನಾಲ್ಕೂ ಚಕ್ರ ಎಳೆಯೋ 4ಎಚ್ ಗೇರಿಗೆ ಹಾಕಿ, ಟೈರಿನ ಗಾಳಿ 20 ಪಿಎಸ್‌ಐಗೆ ಇಳಿಸಿ. ಡಾಂಬರಿಗೆ ಬಂದ ಕೂಡಲೇ ಹಿಂದಿನ ಚಕ್ರವಷ್ಟೇ ಎಳೆಯೋ 2ಎಚ್‌ಗೆ ತಂದು ಗಾಳಿ ತುಂಬಿಸಿ. ಆಮೇಲೆ 80ರ ವೇಗದಲ್ಲಿ ಸ್ಟೀರಿಂಗ್ ನಡುಗಿದ್ರೆ ಅಲೈನ್‌ಮೆಂಟಿಗೆ ಓಡಬೇಡಿ, ಮೊದಲು ರಿಮ್ ಒಳಗೆ ಒಣಗಿ ಕೂತ ಮಣ್ಣನ್ನ ನೀರು ಹೊಡೆದು ತೆಗೆಸಿ.