ಮೊದಲು ಇರಲು ಜಾಗ, ಜೊತೆಗೇ ಕೆಲಸ
ಮನೆ ಬಿಟ್ಟು ಬಂದ, ಅಕ್ಕನ 19 ವರ್ಷದ ಮಗನಿಗೆ ಮೊದಲು ಕೆಲಸ ಕಲಿಸಬೇಕೋ, ಇರಲು ಜಾಗ ನೋಡಬೇಕೋ ಅಂತ ಕೇಳಿದ್ದೀರಿ. ಎರಡೂ ಒಟ್ಟಿಗೇ ಆಗಬೇಕು. ಒಂದೇ ಸಾಧ್ಯ ಅಂದರೆ ಜಾಗವೇ ಮೊದಲು. ರಾತ್ರಿಯೆಲ್ಲ ಚೀಲಕ್ಕೆ ತಲೆಯಿಟ್ಟು ಅರೆನಿದ್ದೆ ಮಾಡಿದವನು ಬೆಳಿಗ್ಗೆ ವೆಲ್ಡಿಂಗ್ ಹೋಲ್ಡರ್ ಹಿಡಿದರೆ ಕೈ ನಿಲ್ಲುವುದಿಲ್ಲ. ಬೀಗ ಹಾಕುವ ಬಾಗಿಲು, ಅರ್ಜಿಯಲ್ಲಿ ಬರೆಯಲು ಒಂದು ವಿಳಾಸ ಇಲ್ಲದಿದ್ದರೆ ತರಬೇತಿ ಅರ್ಧಕ್ಕೇ ನಿಲ್ಲುತ್ತದೆ. ಫ್ರಾನ್ಸ್‌ನಲ್ಲಿ ಹುಟ್ಟಿ 1992ರ ಹೊತ್ತಿಗೆ ಬ್ರಿಟನ್‌ಗೂ ಬಂದ ‘ಫ್ವಾಯೆ’ ವಸತಿಗೃಹಗಳ ದಾರಿಯೂ ಇದೇ: ಕೋಣೆ ಕೊಡುತ್ತಾರೆ, ಅಲ್ಲಿರುವ ಹುಡುಗ ಹುಡುಗಿಯರು ಕಲಿಕೆಗೋ ಕೆಲಸಕ್ಕೋ ಒಪ್ಪಿಕೊಳ್ಳುತ್ತಾರೆ.

ಜಾಗವನ್ನೂ ತರಬೇತಿಯನ್ನೂ ಕೊಡುವ ಸಂಸ್ಥೆಗೆ ಅವನನ್ನು ಸೇರಿಸುವ ಮುನ್ನ ಅಲ್ಲಿಯವರನ್ನು ಒಂದು ಮಾತು ತಪ್ಪದೆ ಕೇಳಿ: ತರಬೇತಿ ಮುಗಿದ ದಿನವೇ ಕೋಣೆ ಖಾಲಿ ಮಾಡಿಸುತ್ತೀರಾ? ಮೊದಲ ಸಂಬಳ ಕೈಗೆ ಬರಲು ತಿಂಗಳಾದರೂ ಹಿಡಿಯುತ್ತದೆ. ಆ ತಿಂಗಳು ಇಟ್ಟುಕೊಳ್ಳುವ ಕಡೆಗೇ ದಯವಿಟ್ಟು ಸೇರಿಸಿ.