ಹಳೆಯ ಡೀಸೆಲ್ ಜೀಪಿಗೆ ಮೆಕ್ಯಾನಿಕಲ್ ಮೀಟರೇ, ಎಲೆಕ್ಟ್ರಿಕ್ಕೇ, ಡಿಜಿಟಲ್ಲೇ?

ವಿರಾಜಪೇಟೆಯಿಂದ ಮಾಕುಟ್ಟ ಘಾಟಿ ಇಳಿದು ಹತ್ತುವ ಹಳೆಯ ಡೀಸೆಲ್ ಜೀಪಿಗೆ ಹೀಟ್ ಮೀಟರ್, ಆಯಿಲ್ ಪ್ರೆಶರ್ ಮೀಟರ್, ಬ್ಯಾಟರಿಗೊಂದು ಮೀಟರ್ ಹಾಕಿಸಬೇಕು, ಮೂರನ್ನೂ ಒಂದೇ ಬಗೆಯದು ಕೊಳ್ಳಲೇ ಎಂದು ಕೇಳಿದ್ದೀರಿ. ಬೇಡ. ಹೀಟ್ ಮೀಟರ್ ಮೆಕ್ಯಾನಿಕಲ್ ಇರಲಿ, ಆಯಿಲ್ ಪ್ರೆಶರಿಗೆ ಎಲೆಕ್ಟ್ರಿಕ್ ಇರಲಿ, ಬ್ಯಾಟರಿಗೆ ವೋಲ್ಟ್ ಮೀಟರ್ ಹಾಕಿಸಿ. ನಮ್ಮ ಕಾಫಿ ತೋಟದ ಜೀಪಿನಲ್ಲಿಯೂ ಇದೇ ಏರ್ಪಾಡು.

ಮೂರರಲ್ಲಿ ಹೀಟ್ ಮೀಟರಿಗೆ ಹೆಚ್ಚು ಹಣ ಹಾಕಿ. ಘಾಟಿಯಲ್ಲಿ ಎರಡನೆಯ ಗೇರಿನಲ್ಲಿ ಹತ್ತುವಾಗ ಇಂಜಿನ್ ಮೇಲೆ ಪೂರ್ತಿ ಭಾರ, ರೇಡಿಯೇಟರಿಗೆ ಎದುರುಗಾಳಿ ಸಿಗುವುದು ಅಷ್ಟಕ್ಕಷ್ಟೇ. ಮೆಕ್ಯಾನಿಕಲ್ ಮೀಟರಿನ ಬಲ್ಬು ಇಂಜಿನ್ನಿನ ನೀರಿನಲ್ಲಿ ಮುಳುಗಿರುತ್ತದೆ. ಅದರೊಳಗಿನ ದ್ರವ ಬಿಸಿಯಾದಂತೆ ಒತ್ತಡ ಏರಿ, ಸಣ್ಣ ಕೊಳವೆಯ ಮೂಲಕ ಮುಳ್ಳನ್ನು ತಳ್ಳುತ್ತದೆ. ಕರೆಂಟಿನ ಹಂಗೇ ಇಲ್ಲ. ನಮ್ಮ ಮಳೆಗಾಲದಲ್ಲಿ ಅರ್ತಿಂಗ್ ಬೋಲ್ಟಿಗೆ ತುಕ್ಕು ಹಿಡಿಯುತ್ತದೆ, ಶೆಡ್ಡಿನಲ್ಲಿ ನಿಂತ ಜೀಪಿನ ವೈರುಗಳನ್ನು ಇಲಿ ಕಡಿಯುತ್ತದೆ. ಇದರಲ್ಲಿ ಆ ಯಾವ ತಾಪತ್ರಯವೂ ಇಲ್ಲ. ಆದರೆ ಆ ಕೊಳವೆಯನ್ನು ಕತ್ತರಿಸಲಾಗದು, ಬೆಸೆಯಲಾಗದು. ಮುರಿದರೆ ಇಡೀ ಮೀಟರೇ ಹೋದಂತೆ. ಕೊಳ್ಳುವ ಮುನ್ನ ಇಂಜಿನ್ನಿನಿಂದ ಡ್ಯಾಶ್‌ಬೋರ್ಡಿನವರೆಗೆ ಉದ್ದ ಅಳೆದುಕೊಳ್ಳಿ. ಮಿಕ್ಕ ಉದ್ದವನ್ನು ಸುರುಳಿ ಸುತ್ತಿ ಕ್ಲಿಪ್ ಹಾಕಿಸಿ, ತಗಡು ದಾಟುವ ತೂತಿಗೆ ರಬ್ಬರ್ ಬುಷ್ ಇಡಿಸಿ.

ಸಾಮಾನ್ಯವಾಗಿ ಮುಳ್ಳು 80ರಿಂದ 95 ಡಿಗ್ರಿಯ ನಡುವೆ ಇರುತ್ತದೆ. ಮೇಲೆ ಹೋದರೆ ಯಾರಾದರೂ ಜೀಪು ನಿಲ್ಲಿಸುತ್ತಾರೆ. ನನಗೆ ಅದಕ್ಕಿಂತ ಭಯ ಹುಟ್ಟಿಸುವುದು ಏರಿನ ನಡುವೆ ಮುಳ್ಳು ತಟ್ಟನೆ ಕೆಳಗಿಳಿಯುವುದು. ಹೋಸ್ ಒಡೆದು ನೀರು ಖಾಲಿಯಾದಾಗ ಬಲ್ಬು ಗಾಳಿಯಲ್ಲಿ ಉಳಿದು ಮೀಟರ್ ಕಡಿಮೆ ಬಿಸಿ ತೋರಿಸಬಹುದು. ತಣ್ಣಗಾಯಿತೆಂದು ಓಡಿಸುತ್ತಾ ಹೋದರೆ ಇಂಜಿನ್ ಬ್ಲಾಕಿಗೂ ಹೆಡ್ಡಿಗೂ ನಡುವಿನ ಸೀಲು, ಅಂದರೆ ಹೆಡ್ ಗ್ಯಾಸ್ಕೆಟ್, ಹೋಗುತ್ತದೆ. ಕೂಡಲೇ ನಿಲ್ಲಿಸಿ, ಇಂಜಿನ್ ಆರುವವರೆಗೆ ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಬೇಡಿ.

ಆಯಿಲ್ ಪ್ರೆಶರಿಗೆ ಮಾತ್ರ ಮೆಕ್ಯಾನಿಕಲ್ ಬೇಡವೇ ಬೇಡ. ಅದರಲ್ಲಿ ಕುದಿಬಿಸಿ ಆಯಿಲ್ ಕೊಳವೆಯ ಮೂಲಕ ಮೀಟರಿನವರೆಗೆ ಬರುತ್ತದೆ. ತೋಟದ ದಾರಿಯ ಕುಲುಕಾಟಕ್ಕೆ ಕೊಳವೆ ಬಿರಿದರೆ ಆಯಿಲ್ ನಿಮ್ಮ ಕಾಲಿನ ಮೇಲೆಯೇ ಸುರಿಯುತ್ತದೆ, ಇತ್ತ ಇಂಜಿನ್ ಒಣಗುತ್ತದೆ. ಎಲೆಕ್ಟ್ರಿಕ್ಕಿನಲ್ಲಿ ಒಳಗೆ ಬರುವುದು ಬರೀ ವೈರು. ಇಂಜಿನ್ನಿನಲ್ಲಿ ಕೂತು ಒತ್ತಡಕ್ಕೆ ತಕ್ಕಂತೆ ತನ್ನ ವಿದ್ಯುತ್ ಪ್ರತಿರೋಧ ಬದಲಿಸುವ ಭಾಗವೇ ಸೆಂಡರ್. ಮೀಟರ್ ಮತ್ತು ಸೆಂಡರ್ ಒಂದೇ ಜೊತೆಯದು ಕೊಳ್ಳಿ: ಕೆಲವು ಸೆಂಡರುಗಳು 10ರಿಂದ 180 ಓಮ್, ಇನ್ನು ಕೆಲವು 240ರಿಂದ 33 ಓಮ್, ಬೆರೆಸಿದರೆ ಮುಳ್ಳು ಸುಳ್ಳು ಹೇಳುತ್ತದೆ. ಒಂದೇ ವೈರಿನ ಸೆಂಡರಿಗೆ ಅದನ್ನು ತಿರುಗಿಸಿ ಕೂರಿಸುವ ಸ್ಕ್ರೂ ಮರೆಯೇ ಅರ್ತ್. ಅದಕ್ಕೆ ಮೆಕ್ಯಾನಿಕ್ ದಪ್ಪಗೆ ಟೆಫ್ಲಾನ್ ಟೇಪ್ ಸುತ್ತಲು ಹೊರಟರೆ ತಡೆಯಿರಿ, ಅರ್ತ್ ತಪ್ಪಬಹುದು.

ಹಳೆಯ ಜೀಪುಗಳಲ್ಲಿದ್ದ ಆಂಪಿಯರ್ ಮೀಟರನ್ನು ಮತ್ತೆ ಹಾಕಿಸಬೇಡಿ. ಚಾರ್ಜಿಂಗ್ ಕರೆಂಟೆಲ್ಲ ಅದರ ಮೂಲಕವೇ ಹಾದುಹೋಗುವುದರಿಂದ ಡ್ಯಾಶ್‌ಬೋರ್ಡಿನ ಹಿಂದೆ ದಪ್ಪ ವೈರು ಸಡಿಲವಾದರೆ ಬೆಂಕಿಯ ಅಪಾಯ. ವೋಲ್ಟ್ ಮೀಟರಿಗೆ ಸಣ್ಣ ಫ್ಯೂಸ್ ಹಾಕಿದ ತೆಳು ವೈರು ಸಾಕು. ಇಂಜಿನ್ ನಿಂತಿರುವಾಗ ಸುಮಾರು 12.6, ಓಡುವಾಗ 13.8ರಿಂದ 14.5 ತೋರಿಸಬೇಕು. ಆಷಾಢದ ಮಳೆಯಲ್ಲಿ ವೈಪರ್, ಹೆಡ್‌ಲೈಟ್, ಫಾಗ್ ಲ್ಯಾಂಪ್ ಎಲ್ಲ ಒಟ್ಟಿಗೆ ಉರಿಯುವಾಗ ಇದರ ಬೆಲೆ ತಿಳಿಯುತ್ತದೆ. ಅನೇಕ ಹಳೆಯ ಇಂಜಿನ್ನುಗಳಲ್ಲಿ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರನ್ನೂ ನೀರಿನ ಪಂಪನ್ನೂ ತಿರುಗಿಸುವುದು ಒಂದೇ ಬೆಲ್ಟು. ಅದು ಜಾರಿದರೆ ಅಥವಾ ತುಂಡಾದರೆ ಮೊದಲು ವೋಲ್ಟ್ ಇಳಿಯುತ್ತದೆ, ಸ್ವಲ್ಪ ಹೊತ್ತಿನಲ್ಲಿ ಹೀಟ್ ಏರುತ್ತದೆ. ಆ ಸ್ವಲ್ಪ ಹೊತ್ತಿನಲ್ಲಿ ಜೀಪನ್ನು ಬದಿಗೆ ನಿಲ್ಲಿಸಬಹುದು.

ಡಿಜಿಟಲ್ ಬಗ್ಗೆಯೂ ಕೇಳಿದ್ದೀರಿ. ಕಾರಿನ ಕಂಪ್ಯೂಟರ್ ತಪಾಸಣೆಗೆಂದು ಇರುವ ಒಬಿಡಿ ಪೋರ್ಟಿಗೆ ಸಿಕ್ಕಿಸಿ ಮೊಬೈಲಿನಲ್ಲಿ ನೋಡುವ ಸಾಧನಗಳು ಹೊಸ ಕಾರುಗಳಿಗೆ ಒಳ್ಳೆಯವು. ನಿಮ್ಮ ಜೀಪಿನಲ್ಲಿ ಆ ಪೋರ್ಟೇ ಇರುವುದಿಲ್ಲ. ಹೊಸ ಕಾರುಗಳಲ್ಲಿಯೂ ಹೆಚ್ಚಿನವಕ್ಕೆ ಆಯಿಲ್ ಪ್ರೆಶರಿಗೆ ಇರುವುದು ಬರೀ ಸ್ವಿಚ್ಚು, ಅಂಕಿ ಸಿಗುವುದಿಲ್ಲ. ಮುಳ್ಳಿನ ಮೀಟರನ್ನಾದರೆ ಓರೆಗಣ್ಣಿನಲ್ಲಿಯೇ ನೋಡಬಹುದು, ಮಂಜು ಕವಿದ ತಿರುವಿನಲ್ಲಿ ಅಂಕಿ ಓದುತ್ತಾ ಕೂರಲಾಗದು.

ಹೊಸ ಮೀಟರ್ ಬಂತೆಂದು, ಆಯಿಲ್ ಪ್ರೆಶರ್ ಇಳಿದಾಗ ಡ್ಯಾಶ್‌ಬೋರ್ಡಿನಲ್ಲಿ ಹೊತ್ತುವ ಹಳೆಯ ದೀಪವನ್ನು ತೆಗೆಸಬೇಡಿ. ರಸ್ತೆ ನೋಡುತ್ತಿರುವಾಗ ಕಣ್ಣನ್ನು ಕರೆಯುವುದು ಅದೊಂದೇ. ಸೆಂಡರ್ ಕೂರಿಸುವಾಗ ಟೀ ಜಾಯಿಂಟ್ ಹಾಕಿಸಿದರೆ ಆ ದೀಪದ ಹಳೆಯ ಸ್ವಿಚ್ಚೂ ಅಲ್ಲೇ ಉಳಿಯುತ್ತದೆ.